ಪಗಾರದ ಅವ್ವಿ

ಎಲ್ಲಕ್ಕೂ ಕಾರಣ ಒಂದು ಬಂಗಡೆ ಮೀನಿನ ತಲೆ.

ಬಂಗಡೆಯ ತಲೆಯಲ್ಲಿ ತಿನ್ನಲಿಕ್ಕೆ ಏನಿರುತ್ತದೆ ಎಂದು ಘಟ್ಟದ ಮೇಲಿನವರು ಕೇಳಬಹುದು. ಬೇಲೆಕೇರಿ ರಸ್ತೆಯ ಬದಿಯ ಆ ಗುಡಿಸಲುಗಳ ಕೊಪ್ಪದಲ್ಲಿ ಯಾರೂ ಕೇಳುವುದಿಲ್ಲ. ಅದರಲ್ಲೂ ಬಾಳಾ ಗೌಡನ ಮನೆಯಲ್ಲಿ ಸಾರಿನೊಳಗಿನ ತಲೆ ಎರಡು ವರ್ಷಗಳಿಂದ ಅವನ ತಾಯಿ ಬೀರಿಯ ಪಾಲು. ಹಿಂದಿನ ದಿನ ಬಂದರದ ಕೂಲಿ ಮುಗಿಸಿ ಬಂದವನು ಹಸಿವಿನ ಭರದಲ್ಲಿ, ತಟ್ಟೆಯಲ್ಲಿ ಏನಿದೆ ಎಂದೂ ನೋಡದೆ ಚೀಪಿ ಮುಗಿಸಿಬಿಟ್ಟಿದ್ದ. ಬೀರಿ ಮಾತಾಡಲಿಲ್ಲ. ಅವಳು ಮಾತಾಡದಿದ್ದಾಗಲೇ ಹೆದರಬೇಕಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಅವ್ವಿಯ ಚಾಪೆ ಸುತ್ತಿಟ್ಟಿತ್ತು. ಎಲೆಯಡಿಕೆ ಕವಳದ ಸಂಚಿ ಇರಲಿಲ್ಲ.

"ಅತ್ತೇರು ಹೋದ್ರು," ಅಂದಳು ಹೆಂಡತಿ ಮಾದೇವಿ, ಒಲೆ ಊದುತ್ತಲೇ.

"ಎಲ್ಲಿಗೇ?"

"ಸುಂಕಸಾಳಕ್ಕೆ. ಸಣ್ಣ ಮಗನ ಮನೆಗೆ. ಮೊದ್ಲ ಬಸ್ಸಿಗೇ ಹೋದ್ರು. 'ತಾಯಿ ಬಾಯಿಂದ ಕಸ್ಕಂಡು ತಿಂಬವ ಮಗ ಅಲ್ಲ, ಬೆಕ್ಕು' ಹೇಳಿ ಹೇಳ್ತಾನೇ ಹೋದ್ರು."

ಬಾಳಾ ತಲೆಯ ಮೇಲೆ ಕೈಹೊತ್ತು ಕೂತ. ಇದಕ್ಕೆ ತಾಯಿಯ ಮೇಲಿನ ಮಮತೆ ಕಾರಣ ಎಂದು ಹೇಳಿದರೆ ಕತೆಗೆ ಚಂದ. ನಿಜ ಮಾತ್ರ ಬೇರೆ. ಬೀರಿಗೆ ಸರಕಾರದ ಪಗಾರ ಬರುತ್ತಿತ್ತು.

ಪಗಾರ ಎಂದು ಕರೆದದ್ದು ಕೊಪ್ಪದವರು. ಕಾಗದದಲ್ಲಿ ಅದಕ್ಕೆ ಉದ್ದನೆಯ, ಚಂದದ ಹೆಸರೊಂದಿತ್ತು. ವಯಸ್ಸಾದವರಿಗೆ ತಿಂಗಳಿಗೆ ನಾಲ್ಕುನೂರು ರೂಪಾಯಿ. ಅದು ಬರುವ ಮೊದಲು ಬೀರಿ ಮಲಗುತ್ತಿದ್ದದ್ದು ದನದ ಕೊಟ್ಟಿಗೆಯ ಪಕ್ಕದ ಚಿಟ್ಟೆ ಎಂಬ ಮಣ್ಣಿನ ಕಟ್ಟೆಯ ಮೇಲೆ. ಮೊದಲ ಮನಿಯಾರ್ಡರ್ ಬಂದ ವಾರವೇ ಚಾಪೆ ಒಳಗೆ ಬಂತು, ಎರಡನೆಯದಕ್ಕೆ ಕಂಬಳಿ ಬಂತು, ಮೂರನೆಯದಕ್ಕೆ ಮಾದೇವಿಯ ಬಾಯಲ್ಲಿ 'ಮುದ್ಕಿ' ಹೋಗಿ 'ಅತ್ತೇರು' ಬಂತು. ನಾಲ್ಕು ವರ್ಷ ಹಬ್ಬಕ್ಕೂ ಮುಖ ತೋರಿಸದಿದ್ದ ತಮ್ಮ ರಾಮಾ, ಸುಂಕಸಾಳದ ಹೆದ್ದಾರಿಯಲ್ಲಿ ಲಾರಿಯವರ ಖಾನಾವಳಿಯೊಂದರಲ್ಲಿ ತಾಟು ತೊಳೆಯುತ್ತಿದ್ದವನು, ಪೋಸ್ಟಿನವನ ಹಿಂದೆಯೇ ಬಾಳೆಹಣ್ಣು ಹಿಡಿದು ಬರತೊಡಗಿದ. ಸರಕಾರ ಮುದುಕಿಗೆ ಅನ್ನ ಕೊಟ್ಟಿತೋ ಇಲ್ಲವೋ, ಇಬ್ಬರು ಮಕ್ಕಳನ್ನಂತೂ ಹೊಸದಾಗಿ ಹೆತ್ತುಕೊಟ್ಟಿತು.

ಆದರೆ ಮೂರು ತಿಂಗಳಿಂದ ಹಣ ಬಂದಿರಲಿಲ್ಲ. ಬಾಳಾನ ಮಗಳು ಸುಮಿತಾ ಅಂಕೋಲೆಯಲ್ಲಿ ಪಿಯುಸಿ ಎರಡನೇ ವರ್ಷ. ಪರೀಕ್ಷೆ ಫೀಸು ತುಂಬಲು ಸೋಮವಾರ ಕಡೆಯ ದಿನ. ತುಂಬದಿದ್ದರೆ ಮಂಗಳವಾರದಿಂದ ಸಿಗಡಿ ಸುಲಿಯುವ ಶೆಡ್ಡಿಗೆ ಕಳಿಸುವುದೆಂದು ಬಾಳಾನೇ ಹೇಳಿಬಿಟ್ಟಿದ್ದ. ಹೇಳಿದ ಮೇಲೆ ಅವನಿಗೆ ಎರಡು ದಿನ ನಿದ್ದೆ ಬಂದಿರಲಿಲ್ಲ.

ಅಷ್ಟರಲ್ಲಿ ಸುದ್ದಿ ಸಾರುವ ಉಗ್ರಾಣಿ ರಸ್ತೆಯಲ್ಲಿ ಕೂಗುತ್ತ ಹೋದ: "ಪಗಾರದ ಮುದ್ಕರು ಹನ್ನೊಂದು ಗಂಟೆಗೆ ಕನ್ನಡ ಸಾಲೆಗೆ ಬರ್ಬೇಕು! ಫೋಟೊ ತೆಗೀತ್ರು! ಮೂರು ತಿಂಗಳದ್ದು ಅಲ್ಲೇ ಕೊಡ್ತ್ರು! ಬರದೆ ಇದ್ದವರ ಹೆಸ್ರು ಇವತ್ತಿಗೇ ಬಂದ್!"

ಬಾಳಾ ಲುಂಗಿ ಎತ್ತಿ ಕಟ್ಟಿಕೊಂಡು ದೇವಿದಾಸನ ಚಾದಂಗಡಿಗೆ ಓಡಿದ. ಅಲ್ಲಿ ಒಂದು ರೂಪಾಯಿ ನುಂಗಿ ಒಂದು ನಿಮಿಷ ಮಾತಾಡಗೊಡುವ ಫೋನಿನ ಡಬ್ಬಿಯಿತ್ತು. ತಮ್ಮನ ಖಾನಾವಳಿಗೆ ಹಚ್ಚಿದ.

"ರಾಮಾ, ಅವ್ವೀನ ಈಗಿಂದೀಗ ಬಸ್ಸಿಗೆ ಹತ್ಸಾ!"

"ಎಂತಕೆ? ಈಗಷ್ಟೇ ಬಂದದೆ. ಬನ್ಸು ತಿಂತಾ ಕೂತದೆ."

"ಇಲ್ಲಿ ಫೋಟೊ ತೆಗೀತ್ರು ಮಾರಾಯಾ!"

"ತೆಗೀಲಿ. ನೀ ನಿಂತ್ಕೊ. ಅವ್ವಿ ಇನ್ನು ನಮ್ಮಲ್ಲೇ. ನಿಮ್ಮನೆಲಿ ತಲೆ ತಿಂಬುಕೂ ಗತಿ ಇಲ್ಲ ಅಂತು. ಪಗಾರಾನೂ ಇಲ್ಲಿಗೇ ಬರೂಹಂಗೆ ಮಾಡ್ಸುದು."

"ಫೋಟೊ ಇಲ್ದಿರೆ ಪಗಾರ ಯಾವೂರಿಗೂ ಬರುದಿಲ್ಲಾ! ಮೂರು ತಿಂಗಳದ್ದೂ..."

ಡಬ್ಬಿ ಪೀಂ ಎಂದು ಅರಚಿ ಕಡಿದುಹೋಯಿತು. ಬಾಳಾನ ಹತ್ತಿರ ಎರಡನೇ ನಾಣ್ಯ ಇರಲಿಲ್ಲ.

ದೇವಿದಾಸ ಚಾ ಸೋಸುತ್ತಲೇ ಎಲ್ಲ ಕೇಳಿಸಿಕೊಂಡಿದ್ದ. ಊರಿನ ಯಾವ ಮನೆಯ ಮಾತೂ ಅವನ ಅಂಗಡಿಯಲ್ಲಿ ಸೋಸಿಯೇ ಮುಂದೆ ಹೋಗಬೇಕು.

"ಬಸ್ಸು ಹನ್ನೆರಡಕ್ಕೆ," ಅಂದ. "ಅದೂ ಅದಿರು ಲಾರಿ ದಾರಿ ಬಿಟ್ರೆ. ಬಾಳಾ, ಒಂದು ಕೇಳ್ತೆ. ಪಗಾರ ಮಂಜೂರು ಮಾಡೂ ಶಾನಭೋಗ್ರು ನಿನ್ನ ಅವ್ವಿ ಮುಖ ಯಾವತ್ತಾದ್ರೂ ನೋಡಿದ್ರಾ?"

"ಅರ್ಜಿ ಕೊಟ್ಟ ದಿನ ನೋಡಿದ್ರೇನ."

"ಅರ್ಜಿ ನೋಡಿದ್ರು. ಮುಖ ಯಾರಾ ನೋಡ್ತ್ರು? ನಿಮ್ಮ ಮುದ್ಕಿಯರು ಕುತ್ತಿಗೆಯಿಂದ ಎದೆಮಟ ಮಣಿ ಸರ ಹೇರ್ಕಂಡು ಬಂದ್ರೆ ಅವ್ರಿಗೆ ಕಾಂಬುದು ಮಣಿ. ಮಣಿ ಮೇಲೆ ಯಾರ ತಲೆ ಇದ್ರೂ ಒಂದೇ."

"ಪೋಸ್ಟಿನವ್ರಿಗೆ ಗುರ್ತ ಅದೆ."

"ಪೋಸ್ಟಿನವಂಗೆ ನೀ ತಿಂಗ್ಳು ತಿಂಗ್ಳು ಕೊಡೂ ಹತ್ತು ರೂಪಾಯಿ ನೋಟಿನ ಗುರ್ತ. ಇವತ್ತು ಇಪ್ಪತ್ತರದ್ದು ತೋರ್ಸು, ಅವನೇ ಅವ್ವೀ ಹೇಳಿ ಕರೀತ."

ಹೀಗೆ ಬಾಳಾ, ತನ್ನ ಕಾಲುಗಳು ತನಗೇ ಹೇಳದೆ ನಡೆಯುತ್ತಿವೆಯೇನೋ ಎಂಬಂತೆ, ಕೊಪ್ಪದ ಕಡೆಯ ಗುಡಿಸಲಿಗೆ ಬಂದು ನಿಂತ. ಅಲ್ಲಿದ್ದವಳು ನಾಗಮ್ಮ. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಹೊಳೆಯಂಚಿನಲ್ಲಿ ಚಿಪ್ಪಿ ಹೆಕ್ಕಿ ಮಾರಿ ಬದುಕುತ್ತಿದ್ದಳು. ವಯಸ್ಸಿನಲ್ಲಿ ಬೀರಿಗಿಂತ ಒಂದು ಮಳೆಗಾಲ ದೊಡ್ಡವಳೇ ಇರಬೇಕು. ಪಗಾರಕ್ಕೆಂದು ಮೂರು ಸಲ ಅರ್ಜಿ ಹಾಕಿದ್ದಳು. ಮೂರು ಸಲವೂ ಅದೇ ಶಾನಭೋಗರು 'ವಯಸ್ಸು ಸಾಲದು' ಎಂದು ಬರೆದು ವಾಪಸು ಕಳಿಸಿದ್ದರು.

ಬಾಳಾ ತೊದಲುತ್ತ ವಿಷಯ ಹೇಳಿ ಮುಗಿಸುವ ತನಕ ಅವಳು ಚಿಪ್ಪಿ ಒಡೆಯುವುದನ್ನು ನಿಲ್ಲಿಸಲಿಲ್ಲ.

"ಬತ್ತೆ," ಅಂದಳು. "ಮೊದ್ಲು ಗಂಜಿ. ಗಂಜಿ ಸಂಗ್ತಿಗೆ ಸುಟ್ಟ ಒಣಮೀನು. ಮೇಲೆ ಕವಳ. ಮತ್ತೆ ಬಂದದ್ರಲ್ಲಿ ಅರ್ಧ."

"ಅರ್ಧಾ? ಚಿಕ್ಕಮ್ಮಾ, ಮಗಳ ಪರೀಕ್ಷೆ ಫೀಸು..."

"ಹಂಗಾರೆ ಬೇರೆ ಅವ್ವಿ ಹುಡ್ಕು."

ಅರ್ಧಕ್ಕೆ ಒಪ್ಪಿಗೆಯಾಯಿತು. ನಾಗಮ್ಮ ಬಾಳಾನ ಮನೆಯಲ್ಲಿ ಕಾಲು ಚಾಚಿ ಕೂತು ಗಂಜಿ ಉಂಡಳು. ಗಂಜಿಗೆ ಉಪ್ಪು ಕಮ್ಮಿ ಎಂದಳು, ಸೊಸೆಗೆ ಒಲೆ ಉರಿಸುವುದು ಬರುವುದಿಲ್ಲ ಎಂದಳು, ಸುಮಿತಾಳ ಜಡೆಗೆ ಎಣ್ಣೆಯಿಲ್ಲ ಎಂದಳು. ಅರ್ಧ ತಾಸಿನೊಳಗೆ ಅವಳು ಬೀರಿಗಿಂತ ಹೆಚ್ಚು ಬೀರಿಯಾಗಿಬಿಟ್ಟಿದ್ದಳು.

"ಇಷ್ಟು ಬೇಗ ಕಲಿತ್ಲಲ್ಲಾ," ಎಂದು ಮಾದೇವಿ ಗಂಡನ ಕಿವಿಯಲ್ಲಿ ಹಲ್ಲು ಕಡಿದಳು.

ಸಾಲೆಯ ಜಗಲಿಯಲ್ಲಿ ಮೇಜು ಹಾಕಿ ಶಾನಭೋಗರು ಕೂತಿದ್ದರು. ಒಂದು ಕಡೆ ಪೋಸ್ಟಿನವನು, ಇನ್ನೊಂದು ಕಡೆ ಕ್ಯಾಮರಾದ ಹುಡುಗ. ಮುಂದೆ ಹತ್ತು ಹನ್ನೆರಡು ಮುದುಕ ಮುದುಕಿಯರು. ಅವರ ಸುತ್ತ, ಹೂವಿನ ಸುತ್ತ ದುಂಬಿಗಳಂತೆ, ವರ್ಷವಿಡೀ ಕಾಣದ ಮಕ್ಕಳು, ಸೊಸೆಯಂದಿರು, ಅಳಿಯಂದಿರು.

"ಕೇಳಿ," ಶಾನಭೋಗರು ಗಂಟಲು ಸರಿಮಾಡಿಕೊಂಡರು. "ಇನ್ನುಮುಂದೆ ಮನಿಯಾರ್ಡರ್ ಇಲ್ಲ. ಫೋಟೊ ಇರುವ ಪಾಸುಬುಕ್ಕು. ಫೋಟೊದಲ್ಲಿ ಯಾರ ಮುಖವೋ ಅವರ ಕೈಗೇ ದುಡ್ಡು. ಒಬ್ಬರ ಹೆಸರಿಗೆ ಇನ್ನೊಬ್ಬರು ಹೆಬ್ಬೆಟ್ಟು ಒತ್ತಿದ್ದು ಗೊತ್ತಾದರೆ ಸೀದಾ ಪೊಲೀಸು. ಕರ್ಕೊಂಡು ಬಂದವನಿಗೂ."

ಬಾಳಾನ ಬೆನ್ನ ಮೇಲೆ ಬೆವರು ಇರುವೆ ಸಾಲಿನಂತೆ ಇಳಿಯಿತು. ಹಿಂದೆ ಸರಿಯೋಣವೆಂದರೆ ಅಷ್ಟರಲ್ಲಿ ಹೆಸರು ಬಂತು.

"ಬೀರಿ! ಗಂಡನ ಹೆಸರು?"

ಕೊಪ್ಪದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಸತ್ತರೂ ಹೇಳುವುದಿಲ್ಲ, ಗಂಡ ಸತ್ತ ಮೇಲೂ ಹೇಳುವುದಿಲ್ಲ. ಅಂಗಳದಲ್ಲಿ ಯಾರನ್ನಾದರೂ ತೋರಿಸಿ 'ಅವ್ರ ಹೆಸ್ರೇ' ಅನ್ನುತ್ತಾರೆ, ಇಲ್ಲವೇ ಮಗನನ್ನು ಮುಂದೆ ದೂಡುತ್ತಾರೆ. ಆ ದಿನವೂ ಮುಂಚಿನ ನಾಲ್ಕು ಮುದುಕಿಯರು ಹಾಗೇ ಮಾಡಿದ್ದರು.

"ಹಮ್ಮು ಗೌಡ," ಅಂದಳು ನಾಗಮ್ಮ, ಸಂತೆಯಲ್ಲಿ ಚಿಪ್ಪಿಯ ದರ ಹೇಳಿದಷ್ಟು ಗಟ್ಟಿಯಾಗಿ. ತನ್ನ ಗಂಡನಲ್ಲದವನ ಹೆಸರು ಹೇಳಲು ಅವಳಿಗೇನು?

ಮುದುಕಿಯರು ಬಾಯಿಗೆ ಸೆರಗು ಹಿಡಿದರು. ಬಾಳಾನ ಕಣ್ಣ ಮುಂದೆ ಪೊಲೀಸ್ ಜೀಪೊಂದು ಹಾದುಹೋಯಿತು. ಶಾನಭೋಗರು ಕನ್ನಡಕ ಮೇಲೆತ್ತಿದರು.

"ಇಪ್ಪತ್ತು ವರ್ಷದ ನೌಕರಿಯಲ್ಲಿ ಗಂಡನ ಹೆಸರು ಹೇಳಿದ ಹೆಂಗಸು ನೀನೇ ಮೊದಲು. ಏನಿದು?"

"ಅವ ಹೋಗಿ ಹದ್ನೈದು ವರ್ಸ ಆಯ್ತು ಒಡ್ಯಾ. ಹೆಸ್ರು ಹೇಳಿದ್ದಕ್ಕೆ ಈಗ ಎದ್ದು ಬಂದು ಬಡೀತ್ನಾ? ಇದ್ದಾಗ ಹೇಳದೆ ಇದ್ರೂ ಬಡೀತಿದ್ದ."

ಎಲ್ಲರಿಗಿಂತ ಗಟ್ಟಿಯಾಗಿ ಶಾನಭೋಗರೇ ನಕ್ಕರು. ಅವರಿಗೆ ಮುದುಕಿ ಬಹಳ ಹಿಡಿಸಿದಳು. ಸರಕಾರಿ ಮನುಷ್ಯನಿಗೆ ಬಡವರು ಹಿಡಿಸಿದರೆ ಇನ್ನೊಂದು ಆಪತ್ತು: ಸುಖದುಃಖ ಕೇಳುತ್ತಾನೆ.

"ಇವನೇ ಏನು ನಿನ್ನ ಮಗ? ಸರಿಯಾಗಿ ನೋಡ್ಕೊಳ್ತಾನಾ?"

ಬಾಳಾ ಪಕ್ಕದಿಂದ ಕಣ್ಣು ಮಿಟುಕಿಸಿದ. ನಾಗಮ್ಮ ಅದನ್ನು ಏನೆಂದು ತಿಳಿದಳೋ.

"ಎಲ್ಲಿಯ ನೋಡ್ಕಂಬುದು ಒಡ್ಯಾ! ಪಗಾರ ಬಂದ ದಿನ ಅವ್ವಿ, ಉಳ್ದ ದಿನ ಹೊರೆ. ಒಂದು ಬಂಗಡೆ ತಲೆ ಸಯ್ತ ನನ್ನ ಬಾಯಿಗೆ ಬಿಡುದಿಲ್ಲ, ಅವನೇ ಚೀಪ್ತ."

ಜನ ಛೀ ಛೀ ಅಂದರು. ಬಂಗಡೆಯ ಸುದ್ದಿ ಆಗಲೇ ದೇವಿದಾಸನ ಅಂಗಡಿಯಿಂದ ಹೊರಟು ಊರು ಸುತ್ತಿ ಬಂದಿತ್ತು. ಶಾನಭೋಗರು ಬಾಳಾನನ್ನು ಎಲ್ಲರೆದುರು ಬೈದರು. ಹೆತ್ತವಳ ಕಾಲಿಗೆ ಬೀಳು ಎಂದರು. ಬಾಳಾ ಬಿದ್ದ. ನಾಗಮ್ಮ ಅವನ ತಲೆಯ ಮೇಲೆ ಕೈಯಿಟ್ಟು, "ಇನ್ನಾದ್ರೂ ಬುದ್ಧಿ ಬರ್ಲಿ ಮಗಾ," ಎಂದಳು.

ಕ್ಯಾಮರಾ ಮಿಂಚಿತು. ಹೆಬ್ಬೆಟ್ಟು ಬಿತ್ತು. ಪೋಸ್ಟಿನವನು ಮುಖದ ಕಡೆ ನೋಡದೆ ಮೂರು ತಿಂಗಳ ಹಣವನ್ನು ಮುದುಕಿಯ ಕೈಗಿತ್ತ. ಬಾಳಾ ಕೈ ಚಾಚಿದ್ದೇ ತಡ, ಶಾನಭೋಗರು ಗುಡುಗಿದರು: "ಏಯ್! ಹೆತ್ತವಳ ದುಡ್ಡಿಗೆ ಕೈ ಹಾಕ್ತೀಯಾ?" ನೋಟುಗಳು, ಪಾಸುಬುಕ್ಕು ಎರಡೂ ನಾಗಮ್ಮನ ಕವಳದ ಸಂಚಿಯೊಳಗೆ ಹೋದವು.

ಹೋಗಲಿ, ಮನೆಗೆ ಹೋಗಿ ಅರ್ಧ ತೆಗೆದುಕೊಂಡರಾಯಿತು ಎಂದು ಬಾಳಾ ಇನ್ನೂ ಉಸಿರು ಬಿಡುತ್ತಿದ್ದ. ಆಗ ಸಾಲೆಯ ಎದುರು ಬೇಲೆಕೇರಿಗೆ ಹೋಗುವ ಅದಿರು ಲಾರಿಯೊಂದು ಗಕ್ಕನೆ ನಿಂತಿತು. ಅದರ ಹಿಂಬದಿಯಿಂದ ಕೆಂಪು ಆಕೃತಿಯೊಂದು ಧಡಕ್ಕನೆ ನೆಲಕ್ಕೆ ಹಾರಿತು. ಅಡಿಯಿಂದ ಮುಡಿಯವರೆಗೆ ಕೆಂಪು. ಮಣಿ ಸರ ಕೆಂಪು, ಮುಖ ಕೆಂಪು, ಕೂದಲು ಕೆಂಪು. ಹೆಂಚಿನ ಭಟ್ಟಿಯಿಂದ ಆಗಷ್ಟೇ ತೆಗೆದ ಗೊಂಬೆಯ ಹಾಗೆ. ಹಿಂದೆಯೇ ಇನ್ನೊಂದು ಕೆಂಪು ಆಕೃತಿ ಇಳಿಯಿತು. ಅದು ರಾಮಾ. ಫೋನು ಕಡಿಯುವ ಮುಂಚಿನ 'ಪಗಾರ ಯಾವೂರಿಗೂ ಬರುದಿಲ್ಲ' ಎಂಬ ಮಾತು ಅವನ ಕಿವಿಗೆ ಸರಿಯಾಗಿಯೇ ಬಿದ್ದಿತ್ತು. ಬಸ್ಸಿಗೆ ಕಾಯದೆ ಅವ್ವಿಯನ್ನು ಅದಿರಿನ ಮೇಲೆ ಕೂರಿಸಿ ಹೊರಡಿಸಿದ್ದ.

"ತೆಗೀರಾ ನನ್ನ ಫೋಟೊ!" ಎಂದು ಬೀರಿ ಸಾಲೆಯ ಮೆಟ್ಟಿಲು ಎರಡೆರಡು ಹತ್ತಿದಳು. "ನಾ ಬೀರಿ! ನನ್ನ ಪಗಾರ ಎಲ್ಲಿ?"

ಶಾನಭೋಗರು ಹೆಸರಿನ ವಹಿ ನೋಡಿದರು. ಹಲ್ಲಿಲ್ಲದ ಬಾಯಿ ತೆರೆದು ಕೂತ ನಾಗಮ್ಮನನ್ನು ನೋಡಿದರು. ಕೊನೆಗೆ ಬಾಳಾನ ಕಡೆ ತಿರುಗಿದರು.

"ಬೀರಿಯದು ಆಯ್ತಲ್ಲ. ಇದ್ಯಾರು?"

ಬಾಳಾ ತಾಯಿಯ ಮುಖ ನೋಡಿದ. ಪೊಲೀಸಿನ ಮಾತು ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಸಂಚಿಯೊಳಗೆ ಮಗಳ ಫೀಸಿತ್ತು.

"ಅವ್ಳು... ಅವ್ಳು ನಾಗಮ್ಮ ಒಡ್ಯಾ. ಕಡೆ ಮನೆಯವ್ಳು. ತಲೆ ಸ್ವಲ್ಪ ಆಚೆಈಚೆ. ಯಾರ ಹೆಸ್ರು ಕರದ್ರೂ 'ಅದು ನಾನೇ' ಹೇಳ್ತದೆ."

"ಹೌದೇನಾ?" ಶಾನಭೋಗರು ರಾಮಾನನ್ನು ಕೇಳಿದರು. ಸಾಕ್ಷಿ ಹೇಳಿ ಪೊಲೀಸಿನ ಬಾಯಿಗೆ ಬೀಳಲು ಒಲ್ಲದ ಊರವರೆಲ್ಲ ಆಗಲೇ ತಮ್ಮ ತಮ್ಮ ಮುದುಕರ ಕಡೆ ತಿರುಗಿದ್ದರು.

ರಾಮಾ ಸಾಲೆ ಕಲಿತವನಲ್ಲ. ಆದರೂ ಮೇಜಿನ ಮೇಲಿನ ವಹಿ, ನಾಗಮ್ಮನ ಉಬ್ಬಿದ ಸಂಚಿ, ಅಣ್ಣನ ಬಿಳಿಚಿದ ಮುಖ ಮೂರನ್ನೂ ಒಂದೇ ನೋಟದಲ್ಲಿ ಓದಿಕೊಂಡ. ಕೆಂಪು ಕೊಡವಿಕೊಳ್ಳುತ್ತ ಹೋಗಿ ನಾಗಮ್ಮನ ಪಕ್ಕ ಕೈಕಟ್ಟಿ ನಿಂತ.

"ಹೌದು ಒಡ್ಯಾ. ಅವ್ಳು ನಾಗಮ್ಮ. ನಮ್ಮ ಅವ್ವಿ ಇವ್ಳು."

ಬೀರಿ ಒಬ್ಬ ಮಗನನ್ನು ನೋಡಿದಳು. ಇನ್ನೊಬ್ಬನನ್ನು ನೋಡಿದಳು. ಆಮೇಲೆ ಶಾನಭೋಗರ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಹೇಳಿದಳು: "ಹೌದು ಒಡ್ಯಾ. ನಾ ನಾಗಮ್ಮ. ನಂಗೆ ಮಕ್ಕಳಿಲ್ಲ."

ಬಾಳಾನಿಗೆ ಆ ಕ್ಷಣ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಆ ನೆಲ ಸಾಲೆಯದು. ಹೋದ ವರ್ಷವಷ್ಟೇ ಗುತ್ತಿಗೆದಾರ ಸಿಮೆಂಟು ಮೆತ್ತಿದ್ದ. ಆಗಲೇ ಅಲ್ಲಲ್ಲಿ ಬಾಯಿಬಿಟ್ಟಿತ್ತು, ಆದರೆ ಒಬ್ಬ ಮನುಷ್ಯ ಹಿಡಿಯುವಷ್ಟಲ್ಲ.

"ನಾಗಮ್ಮ... ಮೂರು ಸಲ ಅರ್ಜಿ ಹಾಕಿದವಳು ನೀನೇನು?" ಶಾನಭೋಗರು ಅಂದು ಒಳ್ಳೆಯ ಲಹರಿಯಲ್ಲಿದ್ದರು. "ಬಂದದ್ದು ಒಳ್ಳೆಯದಾಯ್ತು. ಇವತ್ತು ಕಣ್ಣಾರೆ ನೋಡಿ ತೀರ್ಮಾನ ಮಾಡ್ತೇನೆ."

ನೋಡಿದರು. ಬಿಳಿ ಕೂದಲೊಂದೂ ಕಾಣಲಿಲ್ಲ. ಮುಖದ ಸುಕ್ಕುಗಳೊಳಗೆಲ್ಲ ಅದಿರಿನ ಪುಡಿ ತುಂಬಿ ಮಟ್ಟಸವಾಗಿತ್ತು.

"ಲಾರಿಯ ಮೇಲಿಂದ ಹಾರುತ್ತೀ. ಮೆಟ್ಟಿಲು ಎರಡೆರಡು ಹತ್ತುತ್ತೀ. ಅರವತ್ತೈದು ಅನ್ನಲಿಕ್ಕೆ ನಾಚಿಕೆಯಾಗುವುದಿಲ್ಲವಾ?" ಎನ್ನುತ್ತ ಒಂದು ಚೀಟಿ ಬರೆದು, ಸರಕಾರದ ಸಿಕ್ಕಾ ಒತ್ತಿ ಕೈಗೆ ಕೊಟ್ಟರು.

ಎರಡು ವರ್ಷ ಪಗಾರ ತಿಂದ ಎಪ್ಪತ್ತೆರಡರ ಬೀರಿ ಹೀಗೆ ವಯಸ್ಸು ಸಾಲದೆ ವಾಪಸಾದಳು. ವಯಸ್ಸು ಸಾಲದೆ ಮೂರು ಸಲ ವಾಪಸಾಗಿದ್ದ ನಾಗಮ್ಮ ಪಗಾರದವಳಾದಳು. ಶಾನಭೋಗರು ಎರಡೂ ಕೆಲಸ ಒಂದೇ ಪೆನ್ನಿನಲ್ಲಿ ಮುಗಿಸಿ, ದೇವಿದಾಸ ತಂದಿಟ್ಟ ಎಳನೀರು ಕುಡಿದು ಹೋದರು.

ಮನೆಗೆ ಬಂದಮೇಲೆ ಬಾಳಾ ಅವ್ವಿಯ ಮುಖ ನೋಡಲಿಲ್ಲ. ನೇರ ನಾಗಮ್ಮನ ಎದುರು ಕೂತ.

"ಚಿಕ್ಕಮ್ಮಾ, ನನ್ನ ಅರ್ಧ ಕೊಡು. ಉಳ್ದದ್ದು ನಿಂದೇ."

"ಯಾವ ಅರ್ಧ?"

"ಬೆಳಿಗ್ಗೆ ಆದ ಮಾತು!"

"ಬೆಳಿಗ್ಗೆ ಮಾತಾಡಿದ್ದು ನಾಗಮ್ಮ," ಅಂದಳು ಅವಳು. "ನಾಗಮ್ಮ ಹೇಳಿ ಮೂರು ಸಲ ಹೋದೆ, ಮುಖ ಎತ್ತಿ ನೋಡ್ಲಿಲ್ಲ. ಬೀರಿ ಹೇಳಿ ಒಂದು ಸಲ ಹೋದೆ, ಫೋಟೊ ತೆಗದು, ನಿನ್ನ ನನ್ನ ಕಾಲಿಗೆ ಬೀಳ್ಸಿ, ದುಡ್ಡು ಕೊಟ್ರು. ಹಂಗಾರೆ ನಾ ಬೀರಿಯೇ ಸೈ."

ಮಾದೇವಿ ಸೌಟು ಹಿಡಿದು ಎದ್ದಳು. ಅಷ್ಟರಲ್ಲಿ ಅಂಗಳದಲ್ಲಿ ರಾಮಾ ಕಾಣಿಸಿಕೊಂಡ. ಹೊಳೆಯಲ್ಲಿ ಮಿಂದು, ತಲೆ ಬಾಚಿ ಬಂದಿದ್ದ. ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಇಸವಾಣ ಮೀನಿನ ದಪ್ಪ ತುಂಡು. ಚಿಟ್ಟೆಯ ಮೇಲೆ ಕೂತಿದ್ದ ಹೆತ್ತ ತಾಯಿಯನ್ನು ದಾಟಿ ಒಳಗೆ ಬಂದವನೇ ನಾಗಮ್ಮನ ಕಾಲಿಗೆ ಉದ್ದಂಡ ಬಿದ್ದ.

"ಅವ್ವೀ! ಇಲ್ಲಿ ಉಪವಾಸ ಯಾಕೆ ಬೀಳ್ತೆ? ಸುಂಕಸಾಳಕ್ಕೆ ನಡಿ. ನಮ್ಮ ಖಾನಾವಳಿಲಿ ದಿನಾ ಮೀನು. ಕಟ್ಟಿಗೆ ಮಂಚ ಅದೆ. ನಿನ್ನ ಸೊಸೆ ಬಿಸ್ನೀರು ಕಾಸಿ ಇಟ್ಟದೆ."

"ರಾಮಾ, ಮುಖ ಎತ್ತಿ ನೋಡಾ! ಅದು ನಾಗಮ್ಮ!" ಬಾಳಾ ಕಿರುಚಿದ.

"ದೇವಿದಾಸ ಎಲ್ಲಾ ಹೇಳ್ದ. ಸಾಲೆಲಿ ಎಲ್ಲರೆದ್ರಿಗೆ ಅವ್ವೀ ಹೇಳಿ ಕಾಲಿಗೆ ಬಿದ್ದವ ನೀನೇ ಅಲ್ದಾ?" ರಾಮಾ ಮಲಗಿದಲ್ಲಿಂದಲೇ ಕೇಳಿದ. "ಸರಕಾರದ ಬುಕ್ಕಲ್ಲಿ ಫೋಟೊ ಅದೆ. ಬೇಕಾರೆ ಶಾನಭೋಗ್ರನ್ನ ಕೇಳ್ವಾ ಬಾ."

ಬಾಳಾ ದಾರಿ ಬಿಟ್ಟು ಗೋಡೆಗೆ ಸರಿದ.

ನಾಗಮ್ಮ ಬಾಳೆಲೆ ಬಿಚ್ಚಿ ತುಂಡನ್ನು ಮೂಸಿ ನೋಡಿದಳು, ಎದ್ದು ನಿಂತಳು. "ಮಗಾ ಬಾಳಾ, ಬೇಜಾರ ಮಾಡ್ಕಣಬೇಡ. ನೀ ಸರಿ ನೋಡುದಿಲ್ಲ ಹೇಳಿ ಒಡ್ಯರೆದ್ರಿಗೆ ಹೇಳಿ ಆಯ್ತು. ಇನ್ನೂ ನಿನ್ನ ಮನೆಲೇ ಉಳ್ದ್ರೆ ನನ್ನ ಮಾತು ಸುಳ್ಳಾತದೆ." ಹೋಗುವಾಗ ಸಂಚಿಯಿಂದ ಹತ್ತು ರೂಪಾಯಿಯ ನೋಟೊಂದನ್ನು ತೆಗೆದು ಸುಮಿತಾಳ ಕೈಗಿಟ್ಟಳು. "ಚಂದಾಗಿ ಓದು ಹೆಣ್ಣೇ. ಪೆನ್ನು ತಗೊ."

ಪಗಾರದ ಅವ್ವಿ ಸಣ್ಣ ಮಗನ ತೋಳು ಹಿಡಿದು ರಸ್ತೆಗೆ ಇಳಿದಳು. ಅಂಕೋಲೆಯ ಕಡೆ ಖಾಲಿ ಮರಳುತ್ತಿದ್ದ ಲಾರಿಯೊಂದು ಅವರಿಬ್ಬರನ್ನೂ ಹತ್ತಿಸಿಕೊಂಡಿತು.

ಬೀರಿ ಬಾವಿಕಟ್ಟೆಯಲ್ಲಿ ಮೂರು ನಾಲ್ಕು ಕೊಡ ನೀರು ಸುರಿದುಕೊಂಡಳು. ಅಂಗಳವೆಲ್ಲ ಕೆಂಪಾಯಿತು, ಕೂದಲು ಬೆಳ್ಳಗಾಯಿತು. ಒಳಗೆ ಬಂದು, ಶಾನಭೋಗರು ಕೊಟ್ಟ ಚೀಟಿಯನ್ನು ಮೊಮ್ಮಗಳ ಮುಂದೆ ಇಟ್ಟಳು.

"ಎಂತ ಬರ್ದಿದ್ರು, ಓದು."

ಸುಮಿತಾ ಓದಿದಳು: "ಅರ್ಜಿದಾರಳನ್ನು ಖುದ್ದಾಗಿ ಪರಿಶೀಲಿಸಲಾಗಿದೆ. ಗಟ್ಟಿಮುಟ್ಟಾಗಿದ್ದು ದುಡಿಯಲು ಶಕ್ತಳು. ಅಂದಾಜು ವಯಸ್ಸು ಐವತ್ತೆಂಟು. ಏಳು ವರ್ಷಗಳ ನಂತರ ಅರ್ಜಿ ಸಲ್ಲಿಸತಕ್ಕದ್ದು."

ಬೀರಿ ಬೆರಳು ಮಡಚಿ ಲೆಕ್ಕ ಹಾಕಿದಳು. "ಬಾಳಾ, ನಿಂಗೆ ಎಷ್ಟಾ ವಯಸ್ಸು?"

"ಐವತ್ತು," ಅಂದ ಬಾಳಾ, ನೆಲ ನೋಡುತ್ತ.

"ಅಂದ್ರೆ ನಾ ಎಂಟ್ನೇ ವರ್ಸಕ್ಕೇ ನಿನ್ನ ಹೆತ್ತಿದ್ದೆ. ಅದ್ಕೇ ನೀ ಹಿಂಗಾದೆ." ಅವಳು ಕವಳ ಮಡಚಿ ಬಾಯಿಗಿಟ್ಟಳು. "ಸೋಮವಾರಕ್ಕೆ ಎಷ್ಟು ಕಡ್ಮೆ ಬೀಳ್ತದೆ ಹೆಣ್ಣೇ?"

ಸುಮಿತಾ ಹೇಳಿದಳು.

"ಬಂದರದಲ್ಲಿ ಮಣ್ಣು ಹೊರೂಕೆ ಹೆಂಗಸ್ರಿಗೆ ಎಷ್ಟು ಕೂಲಿ ಬಾಳಾ?"

"ಅವ್ವೀ, ನಿಂಗೆ ಮರ್ಳಾ? ಮೇಸ್ತ್ರಿ ಅರ್ವತ್ತು ದಾಟಿದವರ್ನ ಹತ್ರ ಸಯ್ತ ಬಿಡುದಿಲ್ಲ!"

"ನಂಗೆ ಐವತ್ತೆಂಟು," ಎಂದು ಬೀರಿ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸಿಕ್ಕಾ ಅದೆ. ಬೆಳಿಗ್ಗೆ ನೀ ಹೋಗೂಕಿಂತ ಮೊದ್ಲು ನನ್ನ ಎಬ್ಸಾ."